ಶೀತಜ್ವರದ ಏಳು ದಿನ



ಕೊಪ್ಪ ತಾಲ್ಲೂಕಿನ ಜಯಪುರದಂಥ ಊರಿನಲ್ಲಿ ನೀವು ಶಾಲೆಗೆ ಹೋಗುತ್ತಿದ್ದರೆ, ಜೂನ್ ತಿಂಗಳ ಮಳೆಯ ಜೊತೆಯಲ್ಲೇ ತರಗತಿಯಲ್ಲಿ ಕೆಮ್ಮು, ಸೀನು ಶುರುವಾಗುವುದನ್ನು ಗಮನಿಸಿಯೇ ಇರುತ್ತೀರಿ. ಒದ್ದೆ ಕೊಡೆಗಳು ಮೂಲೆಯಲ್ಲಿರುತ್ತವೆ, ಎರಚಲಿಗೆ ಹೆದರಿ ಕಿಟಕಿಗಳನ್ನು ಮುಚ್ಚಿರುತ್ತಾರೆ, ಬೆಂಚಿನಲ್ಲಿ ಎಲ್ಲರೂ ಒತ್ತೊತ್ತಾಗಿ ಕುಳಿತಿರುತ್ತೀರಿ. ಒಬ್ಬನಿಗೆ ಬಂದ ಶೀತ ವಾರದೊಳಗೆ ಹತ್ತು ಜನರಿಗೆ ಬರುತ್ತದೆ. "ಮಳೆಯಲ್ಲಿ ನೆನೆದೆ, ಅದಕ್ಕೇ ಶೀತ" ಎಂದು ಮನೆಯಲ್ಲಿ ಬೈಯುತ್ತಾರೆ. ಬೈದವರೇ ಕಾಳುಮೆಣಸಿನ ಕಷಾಯ ಕಾಸಿ ಕೊಟ್ಟು, ಗಂಜಿ ಕುಡಿಸಿ, ಕಂಬಳಿ ಹೊದೆಸಿ ಮಲಗಿಸುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ನೀವು ಮತ್ತೆ ಓಡಾಡುತ್ತೀರಿ.

"ಶೀತಕ್ಕೆ ಔಷಧಿ ಮಾಡಿದರೆ ಏಳು ದಿನ, ಮಾಡದಿದ್ದರೆ ಒಂದು ವಾರ" ಎಂಬ ತಮಾಷೆಯ ಮಾತನ್ನು ನೀವು ಕೇಳಿರಬಹುದು. ಈ ಮಾತನ್ನು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಳ್ಳೋಣ. ಏಳು ದಿನವೇ ಏಕೆ? ಆ ದಿನಗಳಲ್ಲಿ ನಮ್ಮ ಮೈಯೊಳಗೆ ನಡೆಯುವುದಾದರೂ ಏನು? ಇದಕ್ಕೆ ಉತ್ತರ ಹುಡುಕಲು ನಾವು ನೂರು ವರ್ಷಕ್ಕೂ ಹಿಂದೆ, 1918ನೇ ಇಸವಿಗೆ ಹೋಗಬೇಕು.

ಆ ವರ್ಷ ನಮ್ಮ ನಾಡಿನಲ್ಲಿ

ಆಗ ಕೊಪ್ಪ ತಾಲ್ಲೂಕು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಈ ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂದದ್ದು 1947ರಲ್ಲಿ. ಮಲೇರಿಯಾ ಮಲೆನಾಡನ್ನು ಮೊದಲೇ ಹಣ್ಣು ಮಾಡಿತ್ತು. 1901ರಿಂದ 1921ರವರೆಗಿನ ಜನಗಣತಿಗಳನ್ನು ನೋಡಿದರೆ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿಯುತ್ತಲೇ ಹೋದದ್ದು ಕಾಣುತ್ತದೆ. 1918ರಲ್ಲಿ ಮಳೆಯೂ ಕೈಕೊಟ್ಟಿತು. ದೇಶದ ಬಹುಭಾಗದಲ್ಲಿ ಬೆಳೆ ಹೋಗಿ ಧಾನ್ಯದ ಬೆಲೆ ಏರಿತು.

ಮೊದಲನೆಯ ಮಹಾಯುದ್ಧ ಮುಗಿಯುತ್ತ ಬಂದ ಕಾಲವದು. ಸೈನಿಕರು ಹಡಗುಗಳಲ್ಲಿ ಊರಿಗೆ ಮರಳುತ್ತಿದ್ದರು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತು. ಮೊದಲ ಅಲೆ ಹೆಚ್ಚು ಜೀವಹಾನಿ ಮಾಡದೆ ಸರಿಯಿತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಭೀಕರವಾಗಿತ್ತು. ರೈಲುದಾರಿ ಹೋದಲ್ಲೆಲ್ಲ ಅದೂ ಹೋಯಿತು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೆಂಗಳೂರು, ಮೈಸೂರುಗಳಿಂದ ಹಿಡಿದು ಹಳ್ಳಿಗಳವರೆಗೆ ಜನ ಹಾಸಿಗೆ ಹಿಡಿದರು. ಸುಮಾರು 58 ಲಕ್ಷ ಜನರಿದ್ದ ಮೈಸೂರು ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ ಲಕ್ಷವನ್ನು ಮೀರಿತು. ಇಡೀ ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿವರೆಗೆ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ನಿಮ್ಮ ಭೂಗೋಳದ ಪುಸ್ತಕದಲ್ಲಿ 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಇಳಿಯಿತೆಂದು ಓದಿರುತ್ತೀರಿ. ಆ ಇಳಿತಕ್ಕೆ ಮುಖ್ಯ ಕಾರಣ ಈ ಜ್ವರವೇ.

ವೈದ್ಯರ ಕೈಯಲ್ಲಿ ಆಗ ಏನಿತ್ತು? ಇನ್‌ಫ್ಲುಯೆಂಜಾ ಒಂದು ವೈರಸ್ಸಿನಿಂದ ಬರುತ್ತದೆ ಎಂಬುದೇ ತಿಳಿದಿರಲಿಲ್ಲ. 1892ರಲ್ಲಿ ಜರ್ಮನಿಯ ಫೈಫರ್ ಗುರುತಿಸಿದ್ದ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ಬಹಳ ಜನ ನಂಬಿದ್ದರು. ನಿಜವಾದ ವೈರಸ್ಸನ್ನು ಮನುಷ್ಯರಿಂದ ಬೇರ್ಪಡಿಸಿ ತೋರಿಸಿದ್ದು ಲಂಡನ್ನಿನ ಸಂಶೋಧಕರು, 1933ರಲ್ಲಿ. 1918ರಲ್ಲಿ ಲಸಿಕೆ ಇರಲಿಲ್ಲ, ಪೆನಿಸಿಲಿನ್ ಇರಲಿಲ್ಲ. ಹೀಗಿದ್ದರೂ ಹಾಸಿಗೆ ಹಿಡಿದವರಲ್ಲಿ ಹೆಚ್ಚಿನವರು ಎದ್ದು ಓಡಾಡಿದರು. ಅವರನ್ನು ಉಳಿಸಿದ್ದು ಯಾವ ಔಷಧಿ?

ಮೈಯೊಳಗಿನ ಕಾವಲು

ಅವರನ್ನು ಉಳಿಸಿದ್ದು ಅವರವರ ಮೈಯಲ್ಲೇ ಇದ್ದ ರೋಗನಿರೋಧಕ ವ್ಯವಸ್ಥೆ. ಅದು ದಿನದಿಂದ ದಿನಕ್ಕೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಪಕ್ಕದವನು ಸೀನಿದಾಗ ಹಾರಿದ ಹನಿಯಲ್ಲಿ ವೈರಸ್ ನಿಮ್ಮ ಮೂಗನ್ನು ಸೇರುತ್ತದೆ. ಅಲ್ಲಿ ಮೊದಲು ಅಡ್ಡ ಬರುವುದು ನಾವು ಅಸಹ್ಯಪಡುವ ಸಿಂಬಳ. ಅದು ಅಂಟಿನಂತೆ ವೈರಸ್ಸನ್ನು ಹಿಡಿಯುತ್ತದೆ. ಶ್ವಾಸನಾಳದ ಒಳಮೈಯಲ್ಲಿರುವ ಸೂಕ್ಷ್ಮ ರೋಮಗಳು, ಗದ್ದೆಯ ಪೈರು ಗಾಳಿಗೆ ಬಾಗುವ ಹಾಗೆ ಒಂದೇ ದಿಕ್ಕಿಗೆ ಬಡಿಯುತ್ತ, ಆ ಅಂಟನ್ನು ಗಂಟಲಿನತ್ತ ತಳ್ಳುತ್ತವೆ. ಇದನ್ನೂ ತಪ್ಪಿಸಿಕೊಂಡ ವೈರಸ್ ಒಂದು ಜೀವಕೋಶದ ಒಳಹೊಕ್ಕು, ಆ ಕೋಶದ ಯಂತ್ರವನ್ನೇ ಬಳಸಿ ತನ್ನ ಸಾವಿರಾರು ಪ್ರತಿಗಳನ್ನು ಮಾಡಿಸುತ್ತದೆ.

ಸೋಂಕು ತಗುಲಿದ ಆ ಜೀವಕೋಶವೂ ಸುಮ್ಮನಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಒಂದು ರಾಸಾಯನಿಕ ಸಂದೇಶವನ್ನು ಹೊರಬಿಡುತ್ತದೆ. ಅಕ್ಕಪಕ್ಕದ ಕೋಶಗಳು ಆ ಸಂದೇಶ ಸಿಕ್ಕಿದ ಕೂಡಲೇ, ಕಳ್ಳ ಬಂದನೆಂದು ಕೂಗಿದರೆ ನೆರೆಮನೆಯವರು ಅಗಣಿ ಹಾಕಿಕೊಳ್ಳುವಂತೆ, ವೈರಸ್ ಬೆಳೆಯದ ಹಾಗೆ ತಮ್ಮನ್ನು ಬಿಗಿ ಮಾಡಿಕೊಳ್ಳುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ಇನ್‌ಫ್ಲುಯೆಂಜಾ ವೈರಸ್ಸನ್ನೇ ಬಳಸಿ ಮಾಡಿದ ಪ್ರಯೋಗದಲ್ಲಿ ಈ ವಸ್ತುವನ್ನು ಕಂಡುಹಿಡಿದು ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಇದೇ ವೇಳೆಗೆ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಕಣಗಳು ಹೊರಗಿನ ವಸ್ತುವನ್ನು ಸುತ್ತುವರಿದು ನುಂಗುತ್ತವೆ ಎಂಬುದನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರ ಮೀನಿನ ಪಾರದರ್ಶಕ ಮರಿಯೊಂದಕ್ಕೆ ಮುಳ್ಳು ಚುಚ್ಚಿ, ಮರುದಿನ ಬೆಳಿಗ್ಗೆ ನೋಡಿದಾಗ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು!

ಈ ಹೋರಾಟದ ಸಂದೇಶಗಳು ಮಿದುಳಿಗೂ ತಲುಪಿ ಮೈ ಬಿಸಿಯಾಗುತ್ತದೆ, ಕೈಕಾಲು ನೋಯುತ್ತದೆ, ಊಟ ಸೇರುವುದಿಲ್ಲ. ಇದನ್ನು ನೀವು ನೆನಪಿಡಬೇಕು: ಜ್ವರ ಮತ್ತು ಮೈಕೈ ನೋವು ಬಹುಮಟ್ಟಿಗೆ ವೈರಸ್ಸಿನ ಕೆಲಸವಲ್ಲ, ನಮ್ಮದೇ ಕಾವಲಿನ ಕೆಲಸ.

ಏಳು ದಿನವೇ ಏಕೆ?

ಈ ಮೊದಲ ಪಡೆ ಬೇಗ ಬರುತ್ತದೆ, ಆದರೆ ಇದು ಯಾವ ವೈರಸ್ ಎಂದು ನಿಖರವಾಗಿ ಗುರುತಿಸಲಾರದು. ಆ ಕೆಲಸ ಎರಡನೆಯ ಪಡೆಯದು. ಸೋಂಕಿನ ಜಾಗದಿಂದ ಕೆಲವು ಕಣಗಳು ವೈರಸ್ಸಿನ ತುಣುಕುಗಳನ್ನು ಹೊತ್ತು ಕುತ್ತಿಗೆ, ಎದೆಗಳಲ್ಲಿರುವ ದುಗ್ಧರಸ ಗ್ರಂಥಿಗಳಿಗೆ ಹೋಗುತ್ತವೆ. ಅಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಟಿ ಮತ್ತು ಬಿ ಜೀವಕೋಶಗಳು ಕಾದಿರುತ್ತವೆ. ಒಂದೊಂದಕ್ಕೂ ಒಂದೊಂದು ಆಕಾರವಷ್ಟೇ ಹೊಂದುತ್ತದೆ, ಬೀಗಕ್ಕೆ ಕೀಲಿ ಹೊಂದುವ ಹಾಗೆ. ಈ ವೈರಸ್ಸಿಗೆ ಹೊಂದುವ ಬೆರಳೆಣಿಕೆಯ ಕೋಶಗಳು ಸಿಕ್ಕಿದ ಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ, ಲಕ್ಷಗಟ್ಟಲೆ ಆಗಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಸೋಂಕಾದ ಸುಮಾರು ಐದರಿಂದ ಏಳು ದಿನಕ್ಕೆ ಟಿ ಕೋಶಗಳು ಶ್ವಾಸಕೋಶಕ್ಕೆ ಬಂದು ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಬಿ ಕೋಶಗಳು ತಯಾರಿಸುವ ಪ್ರತಿಕಾಯಗಳು ಅದರ ಹಿಂದೆಯೇ ಹೆಚ್ಚಿ, ವೈರಸ್ಸಿಗೆ ಅಂಟಿ, ಅದು ಹೊಸ ಕೋಶವನ್ನು ಹೊಗದಂತೆ ತಡೆಯುತ್ತವೆ.

ಈಗ ಆ ತಮಾಷೆಯ ಮಾತಿನ ಅರ್ಥ ತಿಳಿಯಿತಲ್ಲವೇ? ಏಳು ದಿನ ಎಂಬುದು ನಮ್ಮ ಮೈ ಹೊಸ ಶತ್ರುವನ್ನು ಗುರುತಿಸಿ, ಪಡೆ ಕಟ್ಟಿ, ಯುದ್ಧಕ್ಕೆ ಕಳುಹಿಸಲು ತೆಗೆದುಕೊಳ್ಳುವ ಅವಧಿ. ಅಷ್ಟು ದಿನ ರೋಗಿ ಉಳಿದರೆ ಗೆಲುವು ಬಹುಮಟ್ಟಿಗೆ ಅವನದೇ.

ಕಾವಲೇ ಎಡವಿದಾಗ

1918ರಲ್ಲಿ ಆ ಏಳು ದಿನಗಳನ್ನು ದಾಟಲಾಗದವರು ಯಾರು? ಸಾಮಾನ್ಯ ವರ್ಷಗಳಲ್ಲಿ ಇನ್‌ಫ್ಲುಯೆಂಜಾ ಹಸುಗೂಸುಗಳನ್ನೂ ವೃದ್ಧರನ್ನೂ ಒಯ್ಯುತ್ತದೆ. ಆ ವರ್ಷ ಮಾತ್ರ 20ರಿಂದ 40 ವರ್ಷದ ಗಟ್ಟಿಮುಟ್ಟಾದವರೂ ಅಪಾರ ಸಂಖ್ಯೆಯಲ್ಲಿ ಸತ್ತರು. ಶ್ವಾಸಕೋಶದಲ್ಲಿ ನೀರು ತುಂಬಿ, ತುಟಿ ನೀಲಿಗಟ್ಟಿ, ಕೆಲವರು ಎರಡು ಮೂರು ದಿನಗಳಲ್ಲೇ ತೀರಿಕೊಂಡರು.

ಇದಕ್ಕೆ ಕಾರಣ ಒಂದೇ ಅಲ್ಲ. ವೈರಸ್ಸಿನಿಂದ ಜರ್ಝರಿತವಾದ ಶ್ವಾಸನಾಳದೊಳಗೆ ಬ್ಯಾಕ್ಟೀರಿಯಾಗಳು ನುಗ್ಗಿ ನ್ಯುಮೋನಿಯಾ ಆದದ್ದು ಒಂದು ಮುಖ್ಯ ಕಾರಣ. ಇನ್ನೊಂದು ಕಾರಣ ನಮ್ಮ ಕಾವಲಿನ ಅತಿರೇಕ. ಸಂರಕ್ಷಿಸಿಟ್ಟಿದ್ದ ಅಂಗಾಂಶಗಳಿಂದ ಮತ್ತು ಅಲಾಸ್ಕದ ಹಿಮದಡಿಯ ಸಮಾಧಿಯಿಂದ ದೊರೆತ ತುಣುಕುಗಳನ್ನು ಓದಿ, 2005ರಲ್ಲಿ ಅಮೆರಿಕದ ವಿಜ್ಞಾನಿಗಳು 1918ರ ವೈರಸ್ಸನ್ನು ಬಿಗಿ ಭದ್ರತೆಯ ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿದರು. 2007ರಲ್ಲಿ ಅದನ್ನು ಮಂಗಗಳಲ್ಲಿ ಪರೀಕ್ಷಿಸಿದಾಗ, ಮೊದಲ ಪಡೆಯ ಪ್ರತಿಕ್ರಿಯೆ ಹಿಡಿತ ತಪ್ಪಿ ಶ್ವಾಸಕೋಶವನ್ನೇ ಹಾಳು ಮಾಡಿದ್ದು ಕಂಡುಬಂತು. ಕಳ್ಳನನ್ನು ಹಿಡಿಯಲು ಹೋಗಿ ಮನೆಗೇ ಬೆಂಕಿ ಹಚ್ಚಿದಂತೆ!

ಮೂರನೆಯ ಕಾರಣ ಬಹಳ ಸರಳವಾದದ್ದು. ಮನೆಮಂದಿಯೆಲ್ಲ ಒಟ್ಟಿಗೇ ಮಲಗಿದಾಗ ಒಲೆ ಹಚ್ಚುವವರಿಲ್ಲ, ಬಾಯಿಗೆ ನೀರು ಬಿಡುವವರಿಲ್ಲ. ಬರಗಾಲದಲ್ಲಿ ಮೊದಲೇ ಸೊರಗಿದ್ದ ಮೈ ಆ ಒಂದು ವಾರವನ್ನು ಹೇಗೆ ತಡೆದೀತು? ಇಲ್ಲಿ ಬೆಂಗಳೂರಿನ ಸ್ವಯಂಸೇವಕರು ಮಾಡಿದ ಕೆಲಸವನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಅವರು ಬಡವರ ಬೀದಿಗಳಿಗೆ ಹೋಗಿ ಔಷಧಿಯ ಜೊತೆಗೆ ಗಂಜಿಯನ್ನೂ ಹಂಚಿದರು. ಆ ಔಷಧಿಗೆ ವೈರಸ್ಸನ್ನು ಕೊಲ್ಲುವ ಶಕ್ತಿ ಇರಲಿಲ್ಲವೆಂದು ಇಂದು ನಮಗೆ ತಿಳಿದಿದೆ. ಗಂಜಿಗೂ ಆ ಶಕ್ತಿ ಇಲ್ಲ, ನಿಜ. ಆದರೆ ಮೈಯೊಳಗೆ ಪಡೆ ಸಿದ್ಧವಾಗುವವರೆಗೆ ಜೀವ ಹಿಡಿದಿಡುವ ಶಕ್ತಿ ಅದಕ್ಕಿತ್ತು. ಪ್ರತಿಕಾಯ ಎಂಬ ಪದವನ್ನೇ ಕೇಳದ ಆ ಜನ, ರೋಗಿಗೆ ಬೇಕಾದ ಆ ಕೆಲವು ದಿನಗಳನ್ನು ದೊರಕಿಸಿಕೊಟ್ಟರು.

ಮೈಯ ನೆನಪು

ಹೋರಾಟ ಮುಗಿದ ಮೇಲೆ ಪಡೆಯ ಬಹುಭಾಗ ಸಾಯುತ್ತದೆ, ಆದರೆ ಕೆಲವು ಕೋಶಗಳು ನೆನಪಾಗಿ ಉಳಿಯುತ್ತವೆ. ಎಷ್ಟು ಕಾಲ? 1918ರ ಕಾಲದಲ್ಲಿ ಮಕ್ಕಳಾಗಿದ್ದು, 91ರಿಂದ 101 ವರ್ಷ ವಯಸ್ಸಾಗಿದ್ದ 32 ಜನರ ರಕ್ತವನ್ನು ಅಮೆರಿಕದಲ್ಲಿ ಪರೀಕ್ಷಿಸಿದರು. ಆ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಆಗಲೂ ಇದ್ದವು ಎಂಬ ವರದಿ 2008ರಲ್ಲಿ ಪ್ರಕಟವಾಯಿತು. ಮರುವರ್ಷ ಎಚ್1ಎನ್1 ಜ್ವರ ಹರಡಿದಾಗ ವೃದ್ಧರಿಗಿಂತ ಎಳೆಯರಿಗೇ ಅದು ಹೆಚ್ಚಾಗಿ ತಗುಲಿತು. 1918ರ ವೈರಸ್ಸಿನ ವಂಶದವುಗಳನ್ನು ಹಿರಿಯರ ಮೈ ಬಾಲ್ಯದಲ್ಲೇ ಕಂಡು ನೆನಪಿಟ್ಟುಕೊಂಡಿದ್ದು ಇದಕ್ಕೆ ಒಂದು ಮುಖ್ಯ ಕಾರಣ.

ಹಾಗಾದರೆ ಪ್ರತಿ ಮಳೆಗಾಲದಲ್ಲೂ ನಮಗೆ ಶೀತ ಬರುವುದೇಕೆ? ಶೀತ ತರುವ ವೈರಸ್ಸುಗಳು ನೂರಾರು. ಇನ್‌ಫ್ಲುಯೆಂಜಾ ವೈರಸ್ಸಂತೂ ತನ್ನ ಹೊರಮೈಯನ್ನು ಬದಲಿಸುತ್ತಲೇ ಇರುತ್ತದೆ. ಬೀಗ ಬದಲಾದರೆ ಹಳೆಯ ಕೀಲಿ ಹೊಂದುವುದಿಲ್ಲ. ಆದ್ದರಿಂದಲೇ ಇನ್‌ಫ್ಲುಯೆಂಜಾ ಲಸಿಕೆಯನ್ನೂ ಆಗಾಗ ಬದಲಿಸಬೇಕಾಗುತ್ತದೆ. ಲಸಿಕೆ ಎಂದರೆ ಬೇರೇನೂ ಅಲ್ಲ, ರೋಗ ಬರುವ ಮೊದಲೇ ನಮ್ಮ ಮೈಗೆ ಕೊಟ್ಟ ನೆನಪು. ಏಳು ದಿನದ ಸಿದ್ಧತೆಯನ್ನು ಅದು ಮೊದಲೇ ಮಾಡಿಸಿಡುತ್ತದೆ.

ಮತ್ತೆ ಅದೇ ಪಾಠ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್‌ನಿಂದ ಭಾರತದ ಮೊದಲ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ. ಅದೇ ವರ್ಷ ವಿಜ್ಞಾನಿಗಳು ತೀವ್ರವಾಗಿ ನರಳಿದ ರೋಗಿಗಳನ್ನು ಪರೀಕ್ಷಿಸಿದಾಗ, ಸುಮಾರು ಹತ್ತರಲ್ಲಿ ಒಬ್ಬರ ಮೈ ತನ್ನದೇ ಇಂಟರ್‌ಫೆರಾನನ್ನು ತಡೆಯುವ ಪ್ರತಿಕಾಯಗಳನ್ನು ಮಾಡಿಕೊಂಡಿತ್ತು. ಕೂಗುವವನ ಬಾಯಿಯನ್ನೇ ಕಟ್ಟಿದಂತಾಗಿತ್ತು. ಇನ್ನು ಕೆಲವರಲ್ಲಿ ಕಾವಲು ಅತಿಯಾಗಿ ಕೆರಳಿತು. ಆಮ್ಲಜನಕ ಬೇಕಾಗುವ ಹಂತ ತಲುಪಿದವರಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧಿ ಆ ಕೆರಳಿಕೆಯನ್ನು ತಗ್ಗಿಸಿ ಅನೇಕರ ಜೀವ ಉಳಿಸಿತು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಜ್ಯದ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕಾಗಿ ಜನ ಪರದಾಡಿದ್ದು ನಿಮ್ಮ ಮನೆಯವರಿಗೆ ಚೆನ್ನಾಗಿ ನೆನಪಿರುತ್ತದೆ. ಆಮ್ಲಜನಕವೂ ವೈರಸ್ಸನ್ನು ಕೊಲ್ಲುವುದಿಲ್ಲ. 1918ರ ಗಂಜಿಯಂತೆ, ಅದು ಕೊಡುವುದು ಕಾಲಾವಕಾಶವನ್ನು.

ಈ ಎರಡೂ ಕಾಲಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ತಿಳಿಯುವುದಿಷ್ಟು: ರೋಗವನ್ನು ಗೆಲ್ಲುವುದು ರೋಗಿಯ ಮೈ, ಅದಕ್ಕೆ ಬೇಕಾದ ದಿನಗಳನ್ನು ಒದಗಿಸುವುದು ಸುತ್ತಲಿನ ಜನ. ಒಬ್ಬರ ರೋಗನಿರೋಧಕ ಶಕ್ತಿ ಅವರೊಬ್ಬರದೇ ಸ್ವತ್ತಲ್ಲ. ಅದು ತಿನ್ನುವ ಅನ್ನದಲ್ಲಿದೆ, ಹತ್ತಿರದ ಆಸ್ಪತ್ರೆಯಲ್ಲಿದೆ, ಹಾಕಿಸಿಕೊಂಡ ಲಸಿಕೆಯಲ್ಲಿದೆ, ಪಕ್ಕದ ಮನೆಯವರ ಮನಸ್ಸಿನಲ್ಲಿಯೂ ಇದೆ.

ಮುಂದಿನ ಮಳೆಗಾಲದಲ್ಲಿ ತರಗತಿಯ ಕಿಟಕಿಯನ್ನು ಒಂದಿಷ್ಟು ತೆರೆದಿಡಿ. ಸೀನುವಾಗ ಮೂಗು ಬಾಯಿಗೆ ಬಟ್ಟೆ ಅಡ್ಡ ಹಿಡಿಯಿರಿ. ಜ್ವರ ಬಂದರೆ ಮನೆಯಲ್ಲೇ ಮಲಗಿ, ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನಿಮ್ಮ ಬೆಂಚಿನ ಗೆಳೆಯ ನಾಲ್ಕು ದಿನ ಶಾಲೆಗೆ ಬಾರದಿದ್ದರೆ ಅವನ ಮನೆಯಲ್ಲಿ ಗಂಜಿ ಕಾಸುವವರು ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.