ಬಾಸ್ ಹಾರ್ನ್‌ನ ಪ್ರೊಫೈಲ್

ಧ್ವನಿವರ್ಧಕದ ಹಾರ್ನ್ ಕೊರಳಿನಿಂದ ಬಾಯಿಯವರೆಗೆ ಅಗಲವಾಗುವ ಕ್ರಮ. ಹಾರ್ನ್ ಎಷ್ಟು ಕೆಳಗಿನ ಸ್ವರವನ್ನು ಹೊರಡಿಸಬಲ್ಲದು ಎಂಬುದು ಈ ಕ್ರಮವನ್ನೂ ಬಾಯಿಯ ಗಾತ್ರವನ್ನೂ ಅವಲಂಬಿಸಿದೆ. ಸರಗೂರು, ಹೆಗ್ಗಡದೇವನಕೋಟೆ ಕಡೆ ಜಾತ್ರೆಗಳಲ್ಲಿ ಕಂಬಕ್ಕೆ ಕಟ್ಟುವ ಮೈಕ್ ಹಾರ್ನ್‌ನಲ್ಲಿ ಮಾತು ದೂರಕ್ಕೆ ಕೇಳುತ್ತದೆ, ಡೊಳ್ಳಿನ ಗುಡುಗು ಕೇಳದು: ಅರ್ಧ ಮೀಟರ್ ಅಗಲದ ಬಾಯಿ ಸುಮಾರು 220 ಹರ್ಟ್ಸ್‌ಗಿಂತ ಕೆಳಗೆ ದುರ್ಬಲ.

ವಿಧಗಳು: ಎಕ್ಸ್‌ಪೊನೆನ್ಷಿಯಲ್ ಹಾರ್ನ್ ಬಾಸ್‌ಗೆ ಹೆಚ್ಚು ಬಳಕೆಯಲ್ಲಿದೆ, 40 ಹರ್ಟ್ಸ್ ಕೆಳಮಿತಿಗೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಪ್ರತಿ 47 ಸೆಂ.ಮೀ.ಗೆ ಇಮ್ಮಡಿಯಾಗಬೇಕು. ಹೈಪರ್ಬೋಲಿಕ್ ಹಾರ್ನ್ ಕೆಳಮಿತಿಯ ಸಮೀಪದಲ್ಲೂ ಡ್ರೈವರ್‌ಗೆ (ಕೊರಳಿನಲ್ಲಿ ಧ್ವನಿ ಹುಟ್ಟಿಸುವ ಘಟಕಕ್ಕೆ) ಒಳ್ಳೆಯ ಹೊರೆ ಕೊಡುತ್ತದೆ. ಆದರೆ ಕೊರಳು ನಿಧಾನವಾಗಿ ಅಗಲವಾಗುವುದರಿಂದ ಜೋರು ಧ್ವನಿಯಲ್ಲಿ ವಿರೂಪ ಹೆಚ್ಚು. ಪಾಲ್ ವಾಯ್ಟ್ ಬಳಕೆಗೆ ತಂದ ಟ್ರ್ಯಾಕ್ಟ್ರಿಕ್ಸ್ ಉದ್ದದಲ್ಲಿ ಕಡಿಮೆ. ಶಂಕುವಿನಾಕಾರದ ಹಾರ್ನ್ ಬಾಸ್‌ಗೆ ಒಗ್ಗುವುದಿಲ್ಲ.

ಆಯ್ಕೆ: 40 ಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಮೀಟರ್. ಬಯಲಿನಲ್ಲಿ ಅದಕ್ಕೆ 2.7 ಮೀಟರ್ ವ್ಯಾಸದ ಬಾಯಿ ಬೇಕು. ಕೋಣೆಯ ಮೂಲೆಯಲ್ಲಿಟ್ಟರೆ ಎರಡು ಗೋಡೆಗಳೂ ನೆಲವೂ ಹಾರ್ನ್‌ನ ಮುಂದುವರಿಕೆಯಾಗಿ, ಬಾಯಿಯ ವಿಸ್ತೀರ್ಣದ ಎಂಟನೆಯ ಒಂದು ಭಾಗ ಸಾಕು. ಅಮೆರಿಕದ ಪಾಲ್ ಕ್ಲಿಪ್ಶ್ ಅವರ ಮಡಿಚಿದ ಮೂಲೆ ಹಾರ್ನ್ ಈ ತತ್ತ್ವದ್ದೇ. ಹಾಗಾಗಿ ಮನೆಯಲ್ಲಿ ಮೊದಲು ಗಟ್ಟಿ ಗೋಡೆಯ ಖಾಲಿ ಮೂಲೆಯನ್ನು ಗುರುತಿಸಿ, ಆಮೇಲೆ ಪ್ರೊಫೈಲ್ ನಿರ್ಧರಿಸುವುದು ಸರಿಯಾದ ಕ್ರಮ.