ಹಳ್ಳದ ನೀರು, ಬೋರಿನ ನೀರು

ಕಳೆದ ಸಲ ಊರಿಗೆ ಹೋದಾಗ ಅಜ್ಜಿ ಗೊಣಗುತ್ತಿದ್ದಳು: "ಈ ಬೋರಿನ ನೀರಾಗ ಬ್ಯಾಳಿನೇ ಬೇಯಂಗಿಲ್ಲ. ಹಳ್ಳದ ವರತಿ ನೀರಾಗ ಹೆಂಗ ಬೇಯ್ತಿತ್ತು!" ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬಿನಲ್ಲಿ ಗಡಸು ನೀರನ್ನು ಟೈಟ್ರೇಶನ್ ಮಾಡಿ ಪಾಸಾದವನು ನಾನು. ಅಜ್ಜಿಯ ಲ್ಯಾಬ್ ಒಲೆ ಮೇಲಿತ್ತು, ಅಷ್ಟೇ ವ್ಯತ್ಯಾಸ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಸೀಮೆಯ ನೆಲದಡಿ ಬಹುಪಾಲು ಗ್ರಾನೈಟ್, ನೈಸ್ ಕಲ್ಲು. ಮಳೆ ಕಡಿಮೆ, ಬಿಸಿಲು ಜಾಸ್ತಿ. ತಗ್ಗಿನಲ್ಲಿ ನಿಂತ ನೀರು ಆವಿಯಾಗಿ ಉಪ್ಪು ಮೇಲುಳಿದರೆ ಅದೇ ಸವಳು. ಮೊದಲ ಮಳೆಗೆ ಅದೆಲ್ಲ ತೊಳೆದು ಹಳ್ಳಕ್ಕೆ ಬರುತ್ತದೆ, ಮಳೆ ಹಿಡಿದ ಮೇಲೆ ನೀರು ಸಿಹಿಯಾಗುತ್ತದೆ. ಬಳ್ಳಾರಿ ಸೀಮೆಯ ಉಪ್ಪಾರರು ಈ ಸವಳು ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಉಪ್ಪು ತೆಗೆಯುತ್ತಿದ್ದರು. ಉಪ್ಪಿನ ತೆರಿಗೆ ಕೈತಪ್ಪುತ್ತದೆಂದು ಬ್ರಿಟಿಷರು 19ನೇ ಶತಮಾನದ ಕೊನೆಯ ಹೊತ್ತಿಗೆ ಆ ಕಸುಬನ್ನೇ ಅಡಗಿಸಿದರು. (ದಂಡಿಯ ಕಥೆ ಎಲ್ಲರಿಗೂ ಗೊತ್ತು, ನಮ್ಮ ಉಪ್ಪಾರರದು ಯಾರಿಗೂ ಬೇಡ!)

ಸವಳೋ ಸಿಹಿಯೋ ನಾಲಿಗೆ ಹೇಳುತ್ತಿತ್ತು. ಗಡಸೋ ಅಲ್ಲವೋ ಬೇಳೆ ಹೇಳುತ್ತಿತ್ತು. ಬೋರ್‌ವೆಲ್ ಬಂದಮೇಲೆ ಈ ಲೆಕ್ಕ ತಪ್ಪಿತು. ಹಳ್ಳದ ನೀರು ಕಲ್ಲಿನ ಜೊತೆ ಕಳೆಯುವ ಹೊತ್ತು ಸ್ವಲ್ಪ. ಆಳದ ಬಿರುಕಿನ ನೀರು ವರ್ಷಗಟ್ಟಲೆ ಅಲ್ಲೇ ನೆನೆಯುತ್ತದೆ. ಅಷ್ಟರಲ್ಲಿ ಕಲ್ಲಿನೊಳಗಿನ ಫ್ಲೋರೈಡ್ ಕರಗುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಕಡಿಮೆಯಿದ್ದರೆ ಫ್ಲೋರೈಡ್ ಏರುತ್ತದೆ. ಅಂದರೆ ಬೇಳೆ ಚೆನ್ನಾಗಿ ಬೇಯಿಸುವ ಮೆದು ನೀರಲ್ಲೇ ಫ್ಲೋರೈಡ್ ಹೆಚ್ಚಿರಬಹುದು! ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಾಟಿದ್ದು ಗೊತ್ತಾಗುವುದು ಮಕ್ಕಳ ಹಲ್ಲು ಕಂದಿದಾಗ, ಇನ್ನೂ ಹೆಚ್ಚಿದ್ದರೆ ದೊಡ್ಡವರ ಬೆನ್ನು ಬಿಗಿದಾಗ.

ಹಾಗಂತ ಇದು ಹೊಸ ಸುದ್ದಿಯೂ ಅಲ್ಲ. ಭಾರತದಲ್ಲಿ ಈ ಮೂಳೆ ಬಿಗಿಯುವ ರೋಗವನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಆಗ ನೆಲ್ಲೂರೂ ನಮ್ಮ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1953ರಲ್ಲಿ ನಾವು ಮೈಸೂರಿಗೆ ಸೇರಿದೆವು, ಕಲ್ಲು ಮಾತ್ರ ಅದೇ. ಇಷ್ಟು ಗೊತ್ತಿದ್ದೂ ಆಮೇಲೆ ಊರೂರಿಗೆ ಬೋರ್ ಕೊರೆದೆವು. ಕುಡಿಯುವ ನೀರಿಗೆ ಅದು ಆಗ ಬೇಕೂ ಇತ್ತು ಅನ್ನಿ, ಕಲುಷಿತ ನೀರಿನ ಕಾಲರಾಕ್ಕಿಂತ ಮೇಲು. ಆದರೆ ಹೊಲಗಳಿಗೂ ಕೊರೆದು ಕೊರೆದು ಅಂತರ್ಜಲ ಇಳಿಯಿತು, ಹಳ್ಳದ ಮರಳು ಲಾರಿ ಹತ್ತಿತು, ವರತಿ ತೋಡಲು ಜಾಗವೇ ಉಳಿಯಲಿಲ್ಲ.

ಈಗ ಅಜ್ಜಿಗೆ ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತದೆ. ಬೇಳೆಗೂ ಅದನ್ನೇ ಹಾಕು ಅಂದೆ. "ರೊಕ್ಕ ಕೊಟ್ಟ ನೀರು ಬ್ಯಾಳಿಗ್ಯಾಕ?" ಅಂದಳು.