ಮೊಟ್ಟೆ, ನೂಲು, ಕಾಗದ, ಆಮೇಲೆ ಮನುಷ್ಯ: ಥರ್ಮೋಸ್ಟಾಟ್ ಕಥೆ

ಬೆಳಗ್ಗೆ ಗೀಸರ್ ಸ್ವಿಚ್ ಹಾಕಿ ಪೇಪರ್ ಓದುತ್ತಾ ಮರೆತುಬಿಡ್ತೀವಿ. ಸ್ವಲ್ಪ ಹೊತ್ತಿಗೆ 'ಟಕ್' ಅಂತ ಸಣ್ಣ ಸದ್ದು, ದೀಪ ಆರುತ್ತೆ. ನೀರು ಕುದ್ದು ಹೋಗೋದಿಲ್ಲ. ಹಂಡೆ ಒಲೆಯ ಕಾಲದಲ್ಲಿ ಈ ಕೆಲಸಕ್ಕೆ ಮನೆಯಲ್ಲಿ ಒಬ್ಬರು ಬೇಕಿತ್ತು. ನೀರಿಗೆ ಬೆರಳು ಅದ್ದಿ ನೋಡೋದು, ಸಾಕಾಗಿದೆಯಾ ಇಲ್ಲವಾ ಅಂತ ತೀರ್ಮಾನಿಸೋದು, ಸೌದೆ ಒಳಗೆ ತಳ್ಳೋದು ಅಥವಾ ಹಿಂದಕ್ಕೆ ಎಳೆಯೋದು. ಈ ಮೂರನ್ನೂ ಗೀಸರ್ ಒಳಗಿನ ಒಂದು ಪುಟ್ಟ ಸಾಧನ ತನ್ನ ಪಾಡಿಗೆ ಮಾಡುತ್ತೆ. ಅದೇ ಥರ್ಮೋಸ್ಟಾಟ್.

ಇಂಜಿನಿಯರಿಂಗ್ ಓದುವಾಗ ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಇದು ಒಂದು ಚೌಕ, ಎರಡು ಬಾಣದ ಗುರುತಾಗಿ ಬಂದು ಹೋಗಿತ್ತು. ಆಮೇಲೆ ಇದರ ಇತಿಹಾಸ ಹುಡುಕಿ ಓದುತ್ತಾ ಹೋದಂತೆ ಒಂದು ವಿಷಯ ಕುತೂಹಲ ಹುಟ್ಟಿಸಿತು. ಈ ಸಾಧನ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ!

ಮೊದಲು ಬಂದಿದ್ದು ಕೋಳಿಮೊಟ್ಟೆ. ಕಾರ್ನೆಲಿಸ್ ಡ್ರೆಬೆಲ್ (1572-1633) ಹಾಲೆಂಡಿನವನು, ಇಂಗ್ಲೆಂಡಿಗೆ ಬಂದು ನೆಲೆಸಿದವನು. ಥೇಮ್ಸ್ ನದಿಯಲ್ಲಿ ಜಲಾಂತರ್ಗಾಮಿ ಓಡಿಸಿ ತೋರಿಸಿದ ಪುಣ್ಯಾತ್ಮ ಇವನೇ. 17ನೇ ಶತಮಾನದ ಆರಂಭದಲ್ಲಿ ಇವನು ಮೊಟ್ಟೆಗೆ ಕಾವು ಕೊಡುವ ಒಂದು ಪೆಟ್ಟಿಗೆ ಮಾಡಿದ. ಕೆಳಗೆ ಬೆಂಕಿ, ಪೆಟ್ಟಿಗೆಯ ಸುತ್ತ ನೀರು, ಒಂದು ಗಾಜಿನ ಕೊಳವೆಯಲ್ಲಿ ಆಲ್ಕೋಹಾಲ್ ಮತ್ತು ಪಾದರಸ. ಬಿಸಿ ಹೆಚ್ಚಾದರೆ ಆಲ್ಕೋಹಾಲ್ ಹಿಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳುತ್ತೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತೆ, ಕಡ್ಡಿಯ ತುದಿಯ ಮುಚ್ಚಳ ಒಲೆಯ ಕಿಂಡಿಯನ್ನು ಮುಚ್ಚುತ್ತೆ. ಗಾಳಿಯಾಡದೆ ಬೆಂಕಿ ತಗ್ಗುತ್ತೆ. ತಣ್ಣಗಾದರೆ ಎಲ್ಲವೂ ಉಲ್ಟಾ. ವಿದ್ಯುತ್ ಇಲ್ಲ, ಲೆಕ್ಕ ಹಾಕುವ ಯಂತ್ರ ಇಲ್ಲ. ಆದರೂ ಇವತ್ತು ನಾವು ಫೀಡ್‌ಬ್ಯಾಕ್ ಅಂತ ಕರೆಯೋದು ಪೂರ್ತಿಯಾಗಿ ಅಲ್ಲಿದೆ.

18ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಬೊನ್ಮ್ಯಾ ಎಂಬಾತ ಕೂಡಾ ಕೋಳಿಮರಿ ಮಾಡಿಸಲೆಂದೇ ಬಾಯ್ಲರ್‌ನ ಬಿಸಿನೀರನ್ನು ಕೊಳವೆಗಳಲ್ಲಿ ಸುತ್ತಾಡಿಸಿದ. ಬಿಸಿನೀರು ಹಗುರ, ಮೇಲೇರುತ್ತೆ. ತಣ್ಣೀರು ಭಾರ, ಕೆಳಗಿಳಿಯುತ್ತೆ. ಪಂಪ್ ಬೇಡವೇ ಬೇಡ. (ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಹೀಟರ್‌ಗಳಲ್ಲಿ ಬಹಳಷ್ಟು ಇದೇ ತತ್ವದಲ್ಲಿ ನಡೆಯುತ್ತವೆ.) ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಜೋಡಿಸಿ, ಅವುಗಳ ವ್ಯತ್ಯಾಸದಿಂದಲೇ ಬಾಯ್ಲರ್‌ಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿದ.

ಮೊಟ್ಟೆಯ ನಂತರ ನೂಲು. ಥರ್ಮೋಸ್ಟಾಟ್ ಅನ್ನೋ ಹೆಸರನ್ನು ಕೊಟ್ಟವನು ಗ್ಲಾಸ್ಗೋದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಆಂಡ್ರ್ಯೂ ಯೂರ್. 1830ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಎರಡು ಲೋಹದ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದರೆ ಬಿಸಿಗೆ ಒಂದು ಹೆಚ್ಚು ಹಿಗ್ಗಿ ಇಡೀ ಪಟ್ಟಿ ಬಾಗುತ್ತೆ. ಆ ಬಾಗುವಿಕೆಯಿಂದ ಕವಾಟ ತೆರೆಯಬಹುದು, ಮುಚ್ಚಬಹುದು. ಯೂರ್ ಕಣ್ಣಿದ್ದಿದ್ದು ಬಟ್ಟೆ ಗಿರಣಿಗಳ ಮೇಲೆ. ಗಿರಣಿಯಲ್ಲಿ ಶಾಖ ಏರುಪೇರಾದರೆ ಕೆಲಸ ಕೆಡುತ್ತೆ. ಕಾರ್ಖಾನೆ ವ್ಯವಸ್ಥೆಯನ್ನು ಹೊಗಳಿ 1835ರಲ್ಲಿ ಪುಸ್ತಕವನ್ನೇ ಬರೆದ ಮನುಷ್ಯ ಇವನು.

ಈ ಸಾಧನ ಜನ ಕೂರುವ ಕೋಣೆಗೆ ಸರಿಯಾಗಿ ಕಾಲಿಟ್ಟಿದ್ದು ಅಮೆರಿಕದಲ್ಲಿ, ಒಂದು ಶಾಲೆಯ ಮೂಲಕ. ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಮೇಷ್ಟ್ರು. ಚಳಿಗಾಲದಲ್ಲಿ ಅಲ್ಲಿನ ಜವಾನರು ಪಾಠದ ನಡುವೆ ಒಂದೊಂದೇ ತರಗತಿಗೆ ನುಗ್ಗಿ ಥರ್ಮಾಮೀಟರ್ ನೋಡಬೇಕು, ಮತ್ತೆ ನೆಲಮಾಳಿಗೆಗೆ ಇಳಿದು ಕಿಂಡಿಗಳನ್ನು ಸರಿಪಡಿಸಬೇಕು. ಪಾಠಕ್ಕೂ ತೊಂದರೆ, ಅವರಿಗೂ ಹತ್ತಿ ಇಳಿದು ಸುಸ್ತು. ಜಾನ್ಸನ್ 1883ರಲ್ಲಿ ಪೇಟೆಂಟ್ ಪಡೆದ ಉಪಕರಣ ಕೋಣೆಯ ಶಾಖ ಗೊತ್ತು ಮಾಡಿದ ಮಟ್ಟ ಮುಟ್ಟಿದಾಗ ವಿದ್ಯುತ್ ತಂತಿಯ ಮೂಲಕ ಕೆಳಗೆ ಗಂಟೆ ಬಾರಿಸುತ್ತಿತ್ತು. ಗಮನಿಸಿ, ಅದು ಬರೀ ಗಂಟೆ! ಕಿಂಡಿ ಮುಚ್ಚುವ ಕೈ ಇನ್ನೂ ಮನುಷ್ಯನದೇ. ಜಾನ್ಸನ್ 1885ರಲ್ಲಿ ಕಂಪನಿ ಕಟ್ಟಿದರು. ಒತ್ತಿದ ಗಾಳಿಯಿಂದ ಕವಾಟಗಳನ್ನು ನಡೆಸಿ ದೊಡ್ಡ ಕಟ್ಟಡದ ಒಂದೊಂದು ಕೋಣೆಯನ್ನೂ ಬೇರೆ ಬೇರೆ ಶಾಖದಲ್ಲಿಡುವ ವ್ಯವಸ್ಥೆ 1890ರ ದಶಕದಲ್ಲಿ ಬಂತು. ಅದೇ ಮುಂದೆ ಜಾನ್ಸನ್ ಕಂಟ್ರೋಲ್ಸ್ ಆಯಿತು.

ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1885ರಲ್ಲಿ, ಮಿನಿಯಾಪೊಲಿಸ್‌ನಲ್ಲಿದ್ದ ಸ್ವಿಟ್ಜರ್‌ಲೆಂಡ್ ಮೂಲದ ಆಲ್ಬರ್ಟ್ ಬಟ್ಜ್ ಮನೆಗಳ ಕಲ್ಲಿದ್ದಲ ಒಲೆಗೆ ಒಂದು ಉಪಾಯ ಹುಡುಕಿದ. ಕೋಣೆ ತಣ್ಣಗಾದರೆ ಥರ್ಮೋಸ್ಟಾಟ್ ಮೋಟಾರಿಗೆ ವಿದ್ಯುತ್ ಕೊಡುತ್ತೆ, ಮೋಟಾರು ಸರಪಳಿ ಎಳೆದು ಒಲೆಯ ಗಾಳಿ ಬಾಗಿಲನ್ನು ಎತ್ತುತ್ತೆ. ಗಂಟೆ ಕೇಳಿ ಓಡುವ ಜವಾನ ಇಲ್ಲಿ ಪೂರ್ತಿ ಮಾಯ. ಇತ್ತ ಇಂಡಿಯಾನಾದ ವಾಬಾಶ್ ಎಂಬಲ್ಲಿ ಮಾರ್ಕ್ ಹನಿವೆಲ್ 1906ರಲ್ಲಿ ಬಿಸಿನೀರಿನಿಂದ ಮನೆ ಬೆಚ್ಚಗಿಡುವ ಸಾಮಗ್ರಿಗಳ ಕಂಪನಿ ಶುರು ಮಾಡಿದ. ಬಟ್ಜ್ ಪರಂಪರೆಯ ಕಂಪನಿ, ಹನಿವೆಲ್ ಕಂಪನಿ ಎರಡೂ ಸೇರಿದ್ದು 1927ರಲ್ಲಿ.

ತಂಪು ಮಾಡುವ ಕಥೆಯೂ ಮನುಷ್ಯರಿಂದ ಶುರುವಾಗಿಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಬಣ್ಣದ ಪುಟಗಳು ಸರಿಯಾಗಿ ಬರುತ್ತಿರಲಿಲ್ಲ. ಒಂದೊಂದು ಬಣ್ಣಕ್ಕೂ ಕಾಗದ ಮತ್ತೆ ಯಂತ್ರಕ್ಕೆ ಹೋಗಬೇಕು. ಅಷ್ಟರಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಕಾಲೇಜು ಮುಗಿಸಿ ವರ್ಷವಷ್ಟೇ ಆಗಿದ್ದ ವಿಲ್ಲಿಸ್ ಕ್ಯಾರಿಯರ್ ಇದಕ್ಕೆ ಪರಿಹಾರ ಕೊಟ್ಟ. ತಣ್ಣನೆ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ತೇವ ಇಳಿಯುತ್ತೆ. ಕೊಳವೆ ಎಷ್ಟು ತಣ್ಣಗಿರಬೇಕು ಅಂತ ನಿಯಂತ್ರಿಸಿದರೆ ಎಷ್ಟು ತೇವ ಉಳಿಯಬೇಕು ಅನ್ನೋದೂ ಕೈಗೆ ಸಿಗುತ್ತೆ. ಕೆಲಸಗಾರರಿಗೆ ತಂಪಾಗಿದ್ದು ಪುಕ್ಕಟೆ ಲಾಭ, ಅಷ್ಟೇ :)

ಸರಿ, ಕೊನೆಗೂ ಮನೆಗೆ ಬರೋಣ. ಹೆನ್ರಿ ಡ್ರೇಫಸ್ ವಿನ್ಯಾಸ ಮಾಡಿದ, 1953ರಲ್ಲಿ ಮಾರುಕಟ್ಟೆಗೆ ಬಂದ ಹನಿವೆಲ್‌ನ ದುಂಡಗಿನ ಥರ್ಮೋಸ್ಟಾಟ್ ಅಮೆರಿಕದ ಲಕ್ಷಾಂತರ ಗೋಡೆಗಳ ಮೇಲೆ ಕೂತಿತು. ದುಂಡಗಿರೋದರಿಂದ ಸೊಟ್ಟಗೆ ಹಾಕಿದರೂ ಸೊಟ್ಟ ಕಾಣಲ್ಲ. ಒಳಗೆ ಜಿಲೇಬಿಯಂತೆ ಸುತ್ತಿದ ಜೋಡಿಲೋಹದ ಪಟ್ಟಿ, ಅದರ ಮೇಲೆ ಪಾದರಸದ ಹನಿಯಿರುವ ಗಾಜಿನ ಬುರುಡೆ. ಪಟ್ಟಿ ಬಾಗಿದರೆ ಬುರುಡೆ ವಾಲುತ್ತೆ, ಪಾದರಸ ಉರುಳಿ ತಂತಿಗಳನ್ನು ಮುಟ್ಟುತ್ತೆ, ಒಲೆ ಹೊತ್ತಿಕೊಳ್ಳುತ್ತೆ.

ಪ್ರೋಗ್ರಾಮರ್‌ಗೆ ಇದು ಒಂದೇ ಸಾಲಿನ 'ಇಫ್'. ಶಾಖ 20ಕ್ಕಿಂತ ಕಡಿಮೆಯಾದರೆ ಆನ್, ಹೆಚ್ಚಾದರೆ ಆಫ್. ಆದರೆ ಹಾಗೇ ಬರೆದರೆ 20ರ ಆಸುಪಾಸಿನಲ್ಲಿ ಒಲೆ ಕ್ಷಣಕ್ಕೊಮ್ಮೆ ಹೊತ್ತಿ ಆರುತ್ತೆ. ಹಾಗಾಗಿ ಹೊತ್ತಿಕೊಳ್ಳುವ ಮಟ್ಟಕ್ಕೂ ಆರುವ ಮಟ್ಟಕ್ಕೂ ಸ್ವಲ್ಪ ಅಂತರ ಬೇಕು. ಇನ್ನೊಂದು ತೊಡಕು, ಒಲೆ ಆರಿದ ಮೇಲೂ ಅದರ ಒಳಗಿನ ಬಿಸಿ ಕೋಣೆಗೆ ಬರುತ್ತಲೇ ಇರುತ್ತೆ. ಇದಕ್ಕೆ ಥರ್ಮೋಸ್ಟಾಟ್ ಒಳಗೇ ಒಂದು ಪುಟಾಣಿ ಹೀಟರ್ ಇಟ್ಟರು. ಅದು ಪಟ್ಟಿಯನ್ನು ಸ್ವಲ್ಪ ಬೇಗ ಬಿಸಿ ಮಾಡಿ, ಕೋಣೆ ಬೆಚ್ಚಗಾಯ್ತು ಅಂತ ಸುಳ್ಳು ಹೇಳುತ್ತೆ. ಒಲೆ ಮುಂಚೆಯೇ ಆರುತ್ತೆ, ಉಳಿದ ಬಿಸಿಯಲ್ಲಿ ಕೋಣೆ ನಿಜವಾಗಿಯೂ 20 ಮುಟ್ಟುತ್ತೆ. ಎಂಥಾ ಚಂದದ ಸುಳ್ಳು ನೋಡಿ!

ಅಂತೂ ಅಳೆಯೋದು, ತೀರ್ಮಾನಿಸೋದು, ಬೆಂಕಿ ತಗ್ಗಿಸೋದು ಮೂರೂ ಯಂತ್ರದ ಪಾಲಾಯ್ತು. ಉಳಿದಿದ್ದು ನಾಲ್ಕನೆಯದು. ಆ 20 ಅನ್ನೋ ಅಂಕಿಯನ್ನು ಯಾರು ಆರಿಸಬೇಕು? ಮೊಟ್ಟೆಯ ವಿಷಯದಲ್ಲಿ ಜಗಳವೇ ಇಲ್ಲ. ಸುಮಾರು 37.5 ಡಿಗ್ರಿ ಕೊಟ್ಟರೆ ಮರಿ ಬರುತ್ತೆ, ತಪ್ಪಿದರೆ ಬರಲ್ಲ. ಕಾಗದಕ್ಕೂ ಒಂದು ಲೆಕ್ಕ ಇದೆ. ಮನುಷ್ಯರಿಗೆ?

ಡೆನ್ಮಾರ್ಕಿನ ಫ್ಯಾಂಗರ್ 1970ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಗಾಳಿಯ ಶಾಖ, ಸುತ್ತಲಿನ ಗೋಡೆಗಳ ಶಾಖ, ಗಾಳಿಯ ವೇಗ, ತೇವ, ಬಟ್ಟೆ, ದೇಹದ ಚಟುವಟಿಕೆ, ಈ ಆರನ್ನು ಕೊಟ್ಟರೆ ಸರಾಸರಿ ಜನಕ್ಕೆ ಹೇಗನ್ನಿಸುತ್ತೆ ಅಂತ ಸೂತ್ರ ಹೇಳುತ್ತೆ. ಜಗತ್ತಿನ ಕಟ್ಟಡ ಮಾನದಂಡಗಳಿಗೆ ಇದೇ ಆಧಾರವಾಯ್ತು. ಆದರೆ 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು ಒಂದು ವಿಷಯ ತೋರಿಸಿದರು. ಅದರಲ್ಲಿ ಬಳಸುವ ದೇಹದ ಶಾಖದ ಅಂಕಿ ಸುಮಾರು 40 ವರ್ಷದ, 70 ಕಿಲೋ ತೂಗುವ ಗಂಡಸಿನದು. ಹೆಂಗಸರ ಮಟ್ಟಿಗೆ ಆ ಅಂಕಿ 35 ಶೇಕಡಾದವರೆಗೂ ಜಾಸ್ತಿ. ಆಫೀಸುಗಳಲ್ಲಿ ಹೊರಗೆ ಬಿಸಿಲು ಸುಡುವಾಗಲೂ ಎಷ್ಟೋ ಹೆಂಗಸರು ಶಾಲು ಹೊದ್ದು ಕೂರುವುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಶದಲ್ಲಿ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿ ಐದು ಊರುಗಳ ಆಫೀಸುಗಳಲ್ಲಿ ಕೂತವರನ್ನೇ ಕೇಳಿ, 2014ರಲ್ಲಿ ಒಂದು ಭಾರತೀಯ ಮಾದರಿ ಕೊಟ್ಟರು. ಕಿಟಕಿ ತೆರೆಯುವ ಕಟ್ಟಡಗಳಲ್ಲಿ ನಮ್ಮವರು ಆ ಸೂತ್ರ ಹೇಳುವುದಕ್ಕಿಂತ ಹೆಚ್ಚಿನ ಸೆಕೆಯಲ್ಲೂ ಹಾಯಾಗಿರುತ್ತಾರೆ ಅಂತ ತಿಳಿದುಬಂತು. ಅಂಕಿ ಕೂತವರಿಂದಲೇ ಬಂದ ಅಪರೂಪದ ಉದಾಹರಣೆ ಇದು.

ಅಂಕಿಯನ್ನು ಸರ್ಕಾರ ಆರಿಸಿದ್ದೂ ಉಂಟು. ತೈಲ ಬಿಕ್ಕಟ್ಟಿನ 1979ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್, ಮನೆಗಳನ್ನು ಬಿಟ್ಟು ಹೆಚ್ಚಿನ ಕಟ್ಟಡಗಳಿಗೆ ಚಳಿಗಾಲದಲ್ಲಿ ಸುಮಾರು 18 ಡಿಗ್ರಿಗಿಂತ ಹೆಚ್ಚು ಬೇಡ, ಬೇಸಿಗೆಯಲ್ಲಿ ಸುಮಾರು 25.5ಕ್ಕಿಂತ ತಂಪು ಬೇಡ, ನಲ್ಲಿಯ ಬಿಸಿನೀರು ಸುಮಾರು 40.5 ದಾಟಬಾರದು ಅಂತ ಆಜ್ಞೆ ಹೊರಡಿಸಿದರು. 1981ರಲ್ಲಿ ರೇಗನ್ ಬಂದು ತೆಗೆದುಹಾಕಿದರು. ಭಾರತದಲ್ಲಿ 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಏಸಿಗಳು 24 ಡಿಗ್ರಿಯಲ್ಲಿ ಶುರುವಾಗಬೇಕು. ಆದರೆ ರಿಮೋಟ್ ನಮ್ಮ ಕೈಯಲ್ಲೇ ಇರುತ್ತೆ. ನನಗೆ ಈ ದಾರಿ ಇಷ್ಟ. ಸಲಹೆ ಇದೆ, ಬೀಗ ಇಲ್ಲ.

ಬೀಗದ ಮಾತು ಯಾಕೆ ಅಂದರೆ, 2011ರಲ್ಲಿ ಬಂದ ನೆಸ್ಟ್ ಥರ್ಮೋಸ್ಟಾಟ್ ಮನೆಯವರ ಅಭ್ಯಾಸ ನೋಡಿ ತಾನೇ ಕಲಿಯುತ್ತೆ. 2014ರಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರ್‌ಗೆ ಕೊಂಡಿತು. 2016ರ ಜನವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಅದರ ಬ್ಯಾಟರಿ ಬರಿದಾಗಿ ಎಷ್ಟೋ ಮನೆಗಳು ನಡುಚಳಿಯಲ್ಲಿ ತಣ್ಣಗಾದವು. 2022ರ ಆಗಸ್ಟ್‌ನಲ್ಲಿ ಕೊಲೊರಾಡೊದಲ್ಲಿ, ರಿಯಾಯಿತಿ ಯೋಜನೆಗೆ ಸೇರಿದ್ದ ಸುಮಾರು 22,000 ಗ್ರಾಹಕರು ಸೆಕೆಯ ದಿನ ತಮ್ಮದೇ ಥರ್ಮೋಸ್ಟಾಟ್ ಬದಲಾಯಿಸಲಾಗದೆ ಕೂತರು. ವಿದ್ಯುತ್ ಕಂಪನಿ ದೂರದಿಂದ ಲಾಕ್ ಮಾಡಿತ್ತು. ಮೊದಲೆರಡು ತಲೆಮಾರಿನ ನೆಸ್ಟ್‌ಗಳಿಗೆ 2025ರ ಅಕ್ಟೋಬರ್ 25ರಂದು ಗೂಗಲ್ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ತಿರುಗಿಸಿದರೆ ಕೆಲಸ ಮಾಡುತ್ತವೆ, ಫೋನಿನಿಂದ ಅಲ್ಲ.

ವಿದ್ಯುತ್ ಉಳಿಸಬೇಕು, ಸೆಕೆಯ ದಿನ ಗ್ರಿಡ್ ಕುಸಿಯಬಾರದು, ಅದೆಲ್ಲ ಖಂಡಿತ ನಿಜ. ದೂರದಿಂದ ನಿಯಂತ್ರಿಸೋದೇ ತಪ್ಪು ಅಂತಲೂ ನಾನು ಹೇಳ್ತಿಲ್ಲ. ಆದರೆ ಕೋಳಿಮೊಟ್ಟೆಗೆ ತನ್ನ ಶಾಖದ ಬಗ್ಗೆ ಹೇಳಲು ಬಾಯಿಲ್ಲ, ಕೋಣೆಯಲ್ಲಿ ಕೂತವರಿಗೆ ಇದೆ. ನನ್ನಂಥವರು ಆ ಒಂದು ಸಾಲಿನ 'ಇಫ್' ಬರೆಯುವಾಗ ಅದರೊಳಗಿನ ಅಂಕಿ ಎಲ್ಲಿಂದ ಬಂತು, ಕೂತವರು ಅದನ್ನು ಬದಲಿಸಬಹುದಾ ಅಂತ ಒಮ್ಮೆ ಕೇಳಿಕೊಳ್ಳಬೇಕು. ನೆಟ್ ಹೋದರೂ, ಕಂಪನಿ ಮುಚ್ಚಿದರೂ ತಿರುಗಿಸಲು ಗೋಡೆಯ ಮೇಲೆ ಒಂದು ಗುಂಡಿ ಇರಲಿ.